ಗುಡ್ಡದಿಂದ ಇಳಿಯದ ಕಾವಲುಗಾರ

ಫಿರಂಗಿಗಳು ಸುಮ್ಮನಾಗಿ, ದೂಳು ಕೆಳಗಿಳಿದ ಮೇಲೆ ಕಾವಲುಗಾರನ ಹೆಣ ಕಂಡಿತು. ಗುಡ್ಡದ ನೆತ್ತಿಯ ಗುಂಡಿಯಲ್ಲಿ ಮಣ್ಣಿಗೆ ಬೆನ್ನು ಕೊಟ್ಟು ಕುಳಿತೇ ಇದ್ದ. ಅಲ್ಲಿ ಯಾರೂ ಇರಬಾರದಿತ್ತು. ಗುಂಡು ಹಾರಿಸುವ ಮೊದಲು ನೆತ್ತಿ ಖಾಲಿ ಮಾಡಿ ಎಂಬ ಆಜ್ಞೆ ಹೊರಟಿತ್ತು. ಹಾಗಾದರೆ ಅದು ಎಲ್ಲಿ ನಿಂತುಹೋಯಿತು?

ಶತ್ರು ಯಾರೂ ಇರಲಿಲ್ಲ. ನಡೆಯುತ್ತಿದ್ದದ್ದು ತಾಲೀಮು, ಗುಂಡುಗಳು ಮಾತ್ರ ನಿಜವಾದವು. ಯುದ್ಧದಲ್ಲಿ ಎದುರಾಳಿ ಮೊದಲು ಕೆಡಿಸುವುದು ವಯರ್‌ಲೆಸ್ಸನ್ನು. ಆಗ ಸೈನ್ಯ ಕೈಕಾಲು ಬಿಡಬಾರದೆಂದು ಒಂದು ವಾರ ಸೆಟ್ಟುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದರು. ಆಜ್ಞೆಯನ್ನು ಓಟಗಾರ ಓಡಿಹೋಗಿ ಬಾಯಲ್ಲಿ ಹೇಳಬೇಕು. ಸುದ್ದಿಯೇ ಬಾರದಿದ್ದರೆ ಪಕ್ಕದ ತುಕಡಿಯವರನ್ನು ನೋಡಿ ಅವರಂತೆ ಮಾಡಬೇಕು. ಮೊದಲ ದಿನ ದೊಡ್ಡ ದೊಡ್ಡ ಅಧಿಕಾರಿಗಳೂ ಮಾತುಮಾತಿಗೆ ಬರಿಗೈಯನ್ನು ಕಿವಿಗೆ ಒಯ್ಯುವುದನ್ನು ಕಂಡು ನಾನು ಹೊಟ್ಟೆ ತುಂಬ ನಕ್ಕಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ವಿಚಾರಣೆಗೆ ಬಂದವರು ಮೇಜರ್ ಮೇಡಂ. ನಾನು ಅವರ ಗುಮಾಸ್ತ. ಹೇಳಿಕೆ ಬರೆದುಕೊಳ್ಳುವುದು, ನಡುನಡುವೆ ಬೈಸಿಕೊಳ್ಳುವುದು ನನ್ನ ಕೆಲಸ.

ಫಿರಂಗಿಯವರು ಮುಂಚೆಯೇ ಹಾರಿಸಿದರೇ? ಇಲ್ಲ. ಗೊತ್ತುಪಡಿಸಿದ ಹೊತ್ತಿಗೇ ಹಾರಿಸಿದ್ದರು. ಅಷ್ಟರಲ್ಲಿ ಪಕ್ಕದ ತುಕಡಿಯ ಕಾವಲಿನವರು ಇಳಿದು ಬಂದು ನೆರಳಲ್ಲಿ ಕುಳಿತಾಗಿತ್ತು. ಅವರಿಗೆ ಸುದ್ದಿ ತಂದವನೂ, ಸತ್ತವನ ತುಕಡಿಗೆ ಸುದ್ದಿ ಒಯ್ಯಬೇಕಾದವನೂ ಒಬ್ಬನೇ — ಕೇಂದ್ರ ಡೇರೆಯ ಓಟಗಾರ. ಎಲ್ಲರೂ ಅವನನ್ನು ಮೊಲ ಎನ್ನುತ್ತಿದ್ದರು. ಓಟದಲ್ಲಿ ಅವನೇನೂ ಮೊಲವಲ್ಲ. ಆದರೆ ಹೊರಟನೆಂದರೆ ನಡುವೆ ನಿಲ್ಲುವ ಜಾತಿಯಲ್ಲ.

ಮೊಲ ಹೇಳಿದ್ದಿಷ್ಟು: ಪಕ್ಕದ ತುಕಡಿಗೆ ಹೇಳಿ, ಅಲ್ಲಿಂದ ನೇರ ಸತ್ತವನ ತುಕಡಿಯ ಕ್ಯಾಪ್ಟನ್ ಡೇರೆಗೆ ಹೋದ. ಒಳಗೆ ಕ್ಯಾಪ್ಟನ್ ಒಬ್ಬರೇ ಇದ್ದರು. ಆಜ್ಞೆ ಕೇಳಿಸಿಕೊಂಡು, ಆಯಿತು ಹೋಗು ಎಂದರು. ಇವನು ಹಿಂತಿರುಗಿದ.

ಕ್ಯಾಪ್ಟನ್ ಹೇಳಿದ್ದು ಇನ್ನೂ ಚಿಕ್ಕದು: ಮೊಲ ಬಂದೇ ಇಲ್ಲ. ಎಲ್ಲೋ ಮರದಡಿ ಬಿದ್ದುಕೊಂಡಿರಬೇಕು.

ಯಾರನ್ನು ನಂಬುವುದು? ಕ್ಯಾಪ್ಟನ್ ಹೆಸರು ಮಾಡಿದವರು. ತಾಲೀಮಿನಲ್ಲಿ ಅವರ ತುಕಡಿಯಷ್ಟು ಚುರುಕಾಗಿ ಯಾವುದೂ ನಡೆದಿರಲಿಲ್ಲ. ಜನರಲ್ ಸಾಹೇಬರೇ ಬೆನ್ನು ತಟ್ಟಿದ್ದರು. ನನಗಂತೂ ಮೊಲನ ಮೇಲೇ ಅನುಮಾನ. ಮೇಡಂಗೆ ಹಾಗೆಂದೂ ಬಿಟ್ಟೆ.

ಮೊಲ ತಲೆ ತಗ್ಗಿಸಿಕೊಂಡು ನಿಂತಿದ್ದ. ಸತ್ತವನು ಅವನ ಹೆಂಡತಿಯ ಒಡಹುಟ್ಟಿದ ಅಣ್ಣನೆಂದು ನಮಗೆ ಗೊತ್ತಾದದ್ದು ಆಗಲೇ.

"ಜೈಲಿಗೆ ಹಾಕಿ ಮೇಡಂ, ಹೆದರಲ್ಲ. ಆದ್ರೆ ಮನೇಲಿ ಅವಳಿಗೆ ಏನಂತ ಹೇಳ್ತಾರೆ? ನಿಮ್ಮಣ್ಣನ್ನ ಕೊಂದಿದ್ದು ನಿನ್ನ ಗಂಡಾನೇ ಅಂತ ತಾನೆ?"

ಮೇಡಂ ಬೇರೆಯದನ್ನೇ ಕೇಳಿದರು.

"ನಿಮ್ಮ ಭಾವ ಕಾವಲಲ್ಲಿ ನಿದ್ದೆ ಮಾಡೋರಾ?"

"ಮನೇಲೇ ಸರಿಯಾಗಿ ಮಲಗ್ತಿರ್ಲಿಲ್ಲ ಮೇಡಂ. ಇಲಿ ಓಡಾಡಿದ್ರೂ ಎದ್ದು ಕೂರ್ತಿದ್ರು."

ಮೇಡಂ ನನ್ನನ್ನು ಕರೆದುಕೊಂಡು ಗುಡ್ಡ ಹತ್ತಿದರು. ಏದುಸಿರು ಬಿಡುತ್ತ ಹಿಂದೆ ಹೋದೆ. ಗುಂಡಿಯಲ್ಲಿ ಕುಳಿತರೆ ಪಕ್ಕದ ತುಕಡಿಯ ಕಾವಲು ನೆಲೆ, ಅಲ್ಲಿಂದ ಕೆಳಗಿಳಿಯುವ ದಾರಿ, ಎರಡೂ ಎದುರಿಗೇ ಬಯಲಾಗಿ ಬಿದ್ದಿದ್ದವು. ಹಾಡಹಗಲು. ಅವರು ಇಳಿದು ಹೋಗುವುದು ಇವನ ಕಣ್ಣಿಗೆ ಬೀಳದಿರಲು ಸಾಧ್ಯವೇ ಇರಲಿಲ್ಲ.

"ನೋಡಿದಾನೆ. ಆದ್ರೂ ಇಳಿದಿಲ್ಲ. ಯಾಕ್ರೀ ಗುಮಾಸ್ತರೇ?"

ಮೇಡಂ ಕೆಳಗಿಳಿದವರೇ ಎಲ್ಲ ತುಕಡಿಗಳ ಓಟಗಾರರನ್ನೂ ಬೂಟು ಕಾಲುಚೀಲ ಕಳಚಿ ಸಾಲಾಗಿ ಕೂರಲು ಹೇಳಿದರು. ಇವರಿಗೆ ಬಿಸಿಲು ತಲೆಗೇರಿತೇನೋ ಎಂದು ನಾನು ಗಾಬರಿಯಾದೆ.

ಒಂದು ಪಾದವೂ ನೆಟ್ಟಗಿರಲಿಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ, ಬೆರಳಿಗೆ ಪಟ್ಟಿ. ಮೊಲನ ಕಾಲುಚೀಲವಂತೂ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ಬಿಡಿಸಬೇಕಾಯಿತು. ಸಾಲಿನ ಕೊನೆಯಲ್ಲಿ ಕುಳಿತವರು ಕ್ಯಾಪ್ಟನ್ ತುಕಡಿಯ ಓಟಗಾರರು. ಅವರ ಪಾದಗಳು ಮದುಮಗನ ಪಾದದಷ್ಟು ನುಣುಪಾಗಿದ್ದವು.

ಮೇಡಂ ಅವರ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ದನಿ ಏರಿಸಲಿಲ್ಲ.

"ನಿಮ್ಮ ತುಕಡೀಲಿ ಆಜ್ಞೆ ಯಾವುದರ ಮೇಲೆ ಓಡ್ತಿತ್ತು?"

ಅವರಲ್ಲಿ ದೊಡ್ಡವನು ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎಲ್ಲ ಹೊರಬಂತು. ಕ್ಯಾಪ್ಟನ್ ಅಂಗಡಿಯಿಂದ ಅಂಗೈಯಗಲದ ಸೆಟ್ಟುಗಳನ್ನು ತರಿಸಿ, ಬೇಕಾದವರಿಗೆ ಅಂಗಿಯೊಳಗೆ ಇಟ್ಟುಕೊಳ್ಳಲು ಕೊಟ್ಟಿದ್ದರು. ಅದರಲ್ಲಿ ಒಂದು ಸತ್ತ ಕಾವಲುಗಾರನ ಹತ್ತಿರವಿತ್ತು. ಅಂದು ಈ ಓಟಗಾರ ಕ್ಯಾಪ್ಟನ್ ಡೇರೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದ. ಒಳಗೆ ಕ್ಯಾಪ್ಟನ್ ಸೆಟ್ಟಿನಲ್ಲಿ ಮಾತಾಡಿದ್ದು ಕಿವಿಗೆ ಬಿದ್ದಿತ್ತು: ಗುಂಡು ಬೀಳತ್ತೆ, ಬೇಗ ಇಳಿದು ಬಾ.

ಮೇಡಂ ಕ್ಯಾಪ್ಟನ್ನರನ್ನು ಕರೆಸಿದರು.

"ಮೊಲ ಬಂದೇ ಇಲ್ಲ ಅಂದ್ರಿ. ಹಾಗಾದ್ರೆ ಗುಂಡು ಬೀಳತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕ್ಯಾಪ್ಟನ್ ಸಾಲಿನ ಕೊನೆಯ ಓಟಗಾರರತ್ತ ತಿರುಗಿ ನೋಡಿದರು.

"ಕೊಂದೋರು ನೀವು," ಎಂದರು ಮೇಡಂ. ಉಳಿದದ್ದನ್ನು ಬಿಡಿಸಿ ಹೇಳಿದರು. ಬೇರೆ ದಾರಿಯಿಲ್ಲದವನು ಪಕ್ಕದವರನ್ನು ನೋಡಿ ಇಳಿಯುತ್ತಿದ್ದ. ಅಂಗಿಯೊಳಗೆ ಸೆಟ್ಟು ಇದ್ದವನು ಮಾತ್ರ ಕಾಯುತ್ತಾನೆ. ಅಪಾಯವಿದ್ದರೆ ಸಾಹೇಬರು ಹೇಳದೆ ಇರುತ್ತಾರೆಯೇ ಎಂಬ ನಂಬಿಕೆ ಅವನದು. ಆದರೆ ಅಂದು ಬೆಳಗ್ಗೆ ಜನರಲ್ ತುಕಡಿಯವರಿಗೆ ಹೇಳದೆ ವಯರ್‌ಲೆಸ್ ಅಲೆಗಳನ್ನು ಕೆಡಿಸುವ ಯಂತ್ರವನ್ನು ಚಾಲೂ ಮಾಡಿಸಿದ್ದರು. ನಿಯಮ ಪಾಲಿಸಿದವರಿಗೆ ಅದು ಗೊತ್ತೇ ಆಗಲಿಲ್ಲ. ಕ್ಯಾಪ್ಟನ್ ಮಾತ್ರ ಸೆಟ್ಟಿನ ಗೊರಗೊರ ಸದ್ದನ್ನೇ ಉತ್ತರವೆಂದುಕೊಂಡು ಕೈ ತೊಳೆದುಕೊಂಡರು. ಗುಂಡು ನಿಂತ ಮೇಲೆ ಎಲ್ಲರಿಗಿಂತ ಮೊದಲು ಹೆಣದ ಹತ್ತಿರ ಓಡಿದವರೂ ಅವರೇ. ಸೆಟ್ಟು ತೆಗೆದುಕೊಂಡು ಬಂದರು. ತಪ್ಪನ್ನು ಮೊಲನ ತಲೆಗೆ ಕಟ್ಟಿದರು.

"ನಮ್ಮ ತುಕಡಿ ಮೊದಲು ಬರ್ಲಿ ಅಂತ ಅಷ್ಟೇ," ಎಂದರು ಕ್ಯಾಪ್ಟನ್, ಕೇಳಿಸೀ ಕೇಳಿಸದ ಹಾಗೆ.

"ಒಬ್ಬನ್ನ ಮೇಲಕ್ಕೆ ಕಳಿಸಿದ್ರೆ ಸಾಕಿತ್ತು. ನಡಕೊಂಡು ಹೋಗಿದ್ರೂ ಹೊತ್ತಿಗೆ ಮುಟ್ತಿದ್ದ."

ಅವರನ್ನು ಕರೆದುಕೊಂಡು ಹೋದರು. ಸುಳ್ಳಾಡಿ ಒಬ್ಬನ ಬಾಳು ಹಾಳುಮಾಡಲು ಹೊರಟವರ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ. ಮೊಲನ ಮುಖ ನೋಡುವ ಧೈರ್ಯವೂ ಆಗಲಿಲ್ಲ.

ಮೇಡಂ ತಮ್ಮ ಫೋನು ತೆಗೆದು ಅವನ ಮುಂದೆ ಹಿಡಿದರು. ತಾಲೀಮು ಮುಗಿಯಿತು, ಮನೆಗೆ ಮಾತಾಡು ಎಂದರು. ನಿನ್ನ ತಪ್ಪಿಲ್ಲವೆಂದು ಬೇಕಾದರೆ ನಾನೇ ಹೇಳುತ್ತೇನೆ ಎಂದೂ ಸೇರಿಸಿದರು.

ಮೊಲ ಫೋನನ್ನು ಮುಟ್ಟಲಿಲ್ಲ. ಹಸಿಗಾಯದ ಪಾದವನ್ನು ಮೆಲ್ಲಗೆ ಬೂಟಿನೊಳಗೆ ತೂರಿಸಿ ದಾರ ಕಟ್ಟತೊಡಗಿದ.

"ಬೇಡ ಮೇಡಂ. ಇದನ್ನ ನಾನೇ ಹೋಗಿ ಅವಳ ಎದುರು ನಿಂತು ಹೇಳ್ಬೇಕು."