ಎಣಿಸದೆ ಹಾಕಿದ ಯೀಸ್ಟ್

"ಎಣ್ಣೆ ಹಾಕದೇ ಇರೋದ್ರಲ್ಲೂ ಎಳೆ ಬಂದಿಲ್ವಲ್ರೀ..."

ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ ಘಸ್ಸೆನ್ ಹೇಳಿದ. ಸ್ಫಾಕ್ಸ್ ಊರಿನ ಆ ಪ್ರಯೋಗಾಲಯಕ್ಕೆ ಬಂದು ನಾಲ್ಕು ತಿಂಗಳಾದರೂ ಅವನು ಅಲ್ಲಿನ ಸಂಶೋಧನಾ ವಿದ್ಯಾರ್ಥಿನಿ ಎಮ್ನಾಳೊಂದಿಗೆ ಆಡಿದ ಮೊದಲ ಮಾತು ಇದು!

ಅವಳೂ ಬಗ್ಗಿ ನೋಡಿದಳು. ಎಲ್ಲ ದುಂಡಗೇ ಇದ್ದವು.

ರೋಗ ತರುವ ಈ ಯೀಸ್ಟ್ ದುಂಡಗಿರುವ ತನಕ ಸಾಧು. ಎಳೆ ಬಿಟ್ಟಿತೋ, ಮೈಯೊಳಗೆ ನುಗ್ಗುತ್ತದೆ. ಝಾತರ್ ಸೊಪ್ಪಿನ ಎಣ್ಣೆ ಆ ಎಳೆಯನ್ನು ತಡೆಯುತ್ತದೆ ಎಂದು ತೋರಿಸಲು ಅವಳು ಮೂರು ವರ್ಷ ಸವೆಸಿದ್ದಳು. ಎಣ್ಣೆ ಇಲ್ಲದೆಯೂ ಎಳೆ ಬಾರದಿದ್ದರೆ ಎಣ್ಣೆಯ ಹೆಚ್ಚುಗಾರಿಕೆ ಏನು? ಗುರುವಾರ ಪ್ರಬಂಧದ ಪರೀಕ್ಷಕರ ಮುಂದೆ ಏನೆಂದು ಬಾಯಿ ಬಿಡುವುದು?

ಘಸ್ಸೆನ್ ಎದ್ದು ನೇರ ಪ್ರೊಫೆಸರ್ ಕೋಣೆಗೆ ಹೋದ.

'ಚಾಡಿ ಹೇಳೋಕೆ ಹೊರಟ... ನನ್ನ ಮೂರು ವರ್ಷ ಮಣ್ಣುಪಾಲು.' ಎಮ್ನಾ ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತಳು.

ಮರುದಿನ ಅವನು ಯೀಸ್ಟ್ ಕಣ ಎಣಿಸುವ ಗೆರೆಗಳ ಗಾಜನ್ನು ಅವಳ ಮುಂದಿಟ್ಟ.

"ನಿನ್ನೆ ಯೀಸ್ಟ್ ಎಣಿಸಿ ಹಾಕಿದ್ರಾ?"

"ಉಪವಾಸ, ತಲೆ ಸುತ್ತುತ್ತಿತ್ತು. ರಂಜಾನ್‌ನಲ್ಲಿ ಮೂರು ಗಂಟೆಗೆಲ್ಲ ಬೀಗ ಹಾಕ್ತಾರೆ. ಕಣ್ಣಂದಾಜಲ್ಲಿ ಹಾಕ್ಬಿಟ್ಟೆ."

"ಮಿಕ್ಕಿದ್ದನ್ನ ಎಣಿಸಿದೆ, ಹತ್ತು ಪಟ್ಟು ಜಾಸ್ತಿ ಬಿದ್ದಿದೆ. ಗುಂಪು ಜಾಸ್ತಿಯಾದ್ರೆ ಇವು ಎಳೆ ಬಿಡಲ್ಲ. ಎಣ್ಣೆದೇನೂ ತಪ್ಪಿಲ್ಲ."

"ಮತ್ತೆ ಪ್ರೊಫೆಸರ್ ಹತ್ರ ಹೋಗಿದ್ದು?"

"ಬೀಗದ ಕೈ ಕೇಳೋಕೆ. ಇವತ್ತು ಸಂಜೆವರೆಗೂ ಕೊಟ್ಟಿದ್ದಾರೆ."

ಎಮ್ನಾಳಿಗೆ ನಾಚಿಕೆಯಾಯಿತು. ಈ ಸಲ ಆ ಗಾಜಿನಲ್ಲಿ ಎಣಿಸಿ, ಅಳೆದೇ ಹಾಕಿದಳು.

ಎಳೆ ಬಿಡಲು ಮೂರು ತಾಸು ಬೇಕು; ಕಾಯುತ್ತ ಸಂಜೆಯಾಯಿತು. ಸೂಕ್ಷ್ಮದರ್ಶಕದ ಮಸೂರ ತಿರುಗಿಸಿದಳು. ಎಣ್ಣೆ ಇಲ್ಲದ ಗಾಜಿನ ತುಂಬ ಉದ್ದುದ್ದ ಎಳೆಗಳು. ಎಣ್ಣೆ ಹಾಕಿದ್ದರಲ್ಲಿ ಒಂದೂ ಇಲ್ಲ, ಎಲ್ಲ ಸಾಸಿವೆಯಂತೆ ದುಂಡಗೆ!

ಅವಳು ಅಲ್ಲೇ ಕುಸಿದು ಕುಳಿತು ನಗುತ್ತ ಅತ್ತಳು.

ಅಷ್ಟರಲ್ಲಿ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಮಗ್ರಿಬ್ ಬಾಂಗ್ ಕೇಳಿತು. ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಖರ್ಜೂರ ಹಂಚಿಕೊಂಡರು.

"ನಾಲ್ಕು ತಿಂಗಳು ಒಂದು ಮಾತೂ ಆಡ್ಲಿಲ್ಲ ನೀವು. ಜಂಭ ಅಂದ್ಕೊಂಡಿದ್ದೆ."

"ನಾನೂ ನಿಮ್ಮ ಯೀಸ್ಟ್ ಥರಾನೇ. ಗುಂಪಲ್ಲಿ ಏನೂ ಹೊರಡಲ್ಲ."

ಊರೆಲ್ಲ ಊಟಕ್ಕೆ ಕುಳಿತಿತ್ತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಈಗ ಗುಂಪಿಲ್ವಲ್ಲ..." ಎಂದಳು ಎಮ್ನಾ.

ಅವನು ಖರ್ಜೂರದ ಬೀಜವನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದ, "ನೀವು ಅಂದ್ರೆ ನಂಗೆ ಬಂದ ದಿನದಿಂದ ಇಷ್ಟ. ಗುರುವಾರ ಆದ್ಮೇಲೆ ಅಮ್ಮನ್ನ ನಿಮ್ಮನೆಗೆ ಕಳಿಸ್ಲಾ?"

"ಕಳ್ಸಿ. ಆದ್ರೆ ಜನಾನ ಎಣಿಸಿ ಕಳ್ಸಿ... ಗುಂಪು ಜಾಸ್ತಿಯಾದ್ರೆ 'ಹೂಂ' ಅನ್ನೋಕೆ ನಂಗೂ ಬಾಯಿ ಬರಲ್ಲ."