ಇಪ್ಪತ್ತೆರಡನೆಯ ಹೆಸರು

ನಿಪ್ಪಾಣಿಯ ತರಬೇತಿ ಕೇಂದ್ರದ ಕಸಗುಡಿಸುವ ಸುಂದ್ರವ್ವ ನಳದ ನೀರು ಹೊತ್ತು ವಾಪಸು ಬಂದಾಗ ಸೋಮವಾರ ಹನ್ನೊಂದೂವರೆ ಗಂಟೆ. ಒಳಗೆ ಕಬ್ಬಿಣದ ಕಪಾಟಿನ ಸಂದಿಯಿಂದ ಹೊಗೆ ಬರುತ್ತಿತ್ತು. ಬಾಗಿಲು ಎಳೆದು, ಕೊಡವನ್ನು ಹಾಗೇ ಒಳಗೆ ಸುರಿದಳು. ಕೆಮ್ಮುತ್ತ ಹೊರಗೋಡಿ ಕಟ್ಟೆಯ ಮೇಲೆ ಕುಸಿದಳು. ಅಷ್ಟರಲ್ಲಿ ಇಪ್ಪತ್ತೆರಡು ಮನೆಗಳ ಮೂಲ ಕಾಗದಗಳು ಬೂದಿಯಾಗಿದ್ದವು.

ಬರೀ ಕಾಗದ ಎಂದು ಮೂಗು ಮುರಿಯಬೇಡಿ. 2008ರ ಆರ್ಥಿಕ ಹಿಂಜರಿತದಲ್ಲಿ ರಾಜ್ಯದ ಗಡಿಯಾಚೆ ಕಾರಿನ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಎಲ್ಲೋ ದೂರದೇಶದವರು ಕಾರು ಕೊಳ್ಳುವುದು ನಿಲ್ಲಿಸಿದರೆ ನಿಪ್ಪಾಣಿಯ ಹುಡುಗರ ಶಾಲೆ ಬದಲಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನೂರಾರು ಜನ ಪಗಾರ ಕಳೆದುಕೊಂಡು ಮನೆಗೆ ಬಂದರು. ಎರಡು ವರ್ಷದ ಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಕುಸಿದ ಮಧ್ಯಮ ವರ್ಗವನ್ನು ಮತ್ತೆ ಎತ್ತಿ ನಿಲ್ಲಿಸಲು ಯೋಜನೆ ಹೊರಟಿತು. ಕೆಲಸ ಹೋದ ನುರಿತ ಕಾರ್ಮಿಕನಿಗೆ ಒಂದು ಶೆಡ್, ಒಂದು ಲೇಥ್ ಮಷೀನು, ಮೂರು ವರ್ಷ ಖಾತ್ರಿ ಆರ್ಡರು. ದುಡಿಯುವವನೇ ಮಾಲೀಕನಾಗಬೇಕು ಎಂಬುದು ಅದರ ಘೋಷಣೆ. ಶೆಡ್ಡು ಇಪ್ಪತ್ತೊಂದು, ಅರ್ಜಿ ನಾನೂರು. ಆಯ್ಕೆಯಾದವರು ಬುಧವಾರ, ಮಾರ್ಚ್ ಮೂವತ್ತೊಂದರೊಳಗೆ ಸಮಿತಿಗೆ ತಾವು ಫೌಂಡ್ರಿಯಲ್ಲಿ ದುಡಿದದ್ದಕ್ಕೆ ಮಾಲೀಕರ ಸಹಿ, ಮೊಹರು ಇರುವ ಮೂಲ ಕಾಗದ ತೋರಿಸಬೇಕಿತ್ತು. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷದ ಮಾತು ದೇವರೇ ಬಲ್ಲ.

ಪಿಎಸ್‌ಐ ಚಂದ್ರಮತಿ ಜೀಪು ನಿಲ್ಲುವ ಮೊದಲೇ ಇಳಿದಳು. ನಿಂತಲ್ಲಿ ನಿಲ್ಲುವ ಹೆಂಗಸಲ್ಲ ಅವಳು. ಹಿಂದೆ ಹವಾಲ್ದಾರ ಮಲಕಾರಿ ಏದುಸಿರು ಬಿಡುತ್ತ ಬಂದ.

“ಬಾಗಲಾ ಹಾಕಿರಲಿಲ್ಲೇನವ್ವಾ?”

“ಸೋಮವಾರ ಒಂದ ತಾಸು ನಳಾ ಬರತಾವ್ರಿ ಬಾಯಾರ. ಸಾಹೇಬ್ರು ಮೀಟಿಂಗಿಗೆ ಚಿಕ್ಕೋಡಿಗೆ ಹೋಗ್ಯಾರ. ಬಾಗಲಾ ಮುಂದ ಮಾಡಿ ಹೋಗಿದ್ದೆ.”

“ಕಪಾಟಿನ ಕೀಲಿ?”

“ಲಕ್ಷ್ಮಿ ಫೋಟೊದ ಹಿಂದ ಇಡತೀವ್ರಿ. ಎಲ್ಲಾರಿಗೂ ಗೊತ್ತೈತಿ.”

“ಸೀಮೆಎಣ್ಣಿ ವಾಸನಿ ಬಂತೇನು?”

“ಇಲ್ರಿ. ಪಟಾಕಿ ಹೊಡದಾಂಗ ನಾತ. ಗಂಟಲಾ ಹಿಡೀತು ನೋಡ್ರಿ.”

ಕಪಾಟಿನ ಮೇಲ್ಗಡೆ ಗೋಡೆಯಲ್ಲಿ ಆ ಫೋಟೊ ಇತ್ತು. ಗಾಜಿಗೆ ಮಸಿ ಹಿಡಿದಿರಲಿಲ್ಲ. ಚೌಕಟ್ಟಿಗೆ ಸಿಕ್ಕಿಸಿದ ದಾಸವಾಳ ಬಿಳಿಚಿಕೊಂಡಿತ್ತು.

“ಬಿಳಿ ದಾಸಾಳ ಎಲ್ಲಿ ಸಿಕ್ತವ್ವಾ?”

“ಬಿಳೇದಲ್ರಿ, ಕೆಂಪ ಹೂವು. ಮುಂಜಾನೆ ನಾನ ಹರದು, ನೀರ ಚಿಮುಕಿಸಿ ಏರಿಸೇನಿ.”

ಬೆಂಕಿಯ ಕಾವಿಗೆ ಹಾಗಾಗಿದ್ದೀತು ಎಂದುಕೊಂಡಳು ಚಂದ್ರಮತಿ. ಅವಸರದವಳ ತಪ್ಪು ಅದು. ಅವತ್ತು ಅವಳು ಮಾಡಿದ ಮೊದಲ ತಪ್ಪು.

* * *

ಯೋಜನಾಧಿಕಾರಿ ತಾತ್ಯಾಸಾಹೇಬ ಚಿಕ್ಕೋಡಿಯಿಂದ ಓಡೋಡಿ ಬಂದರು. ಕಪಾಟು ನೋಡಿ ತಲೆ ಹಿಡಿದುಕೊಂಡರು. ಆಮೇಲೆ ತಡವಿಲ್ಲದೆ ಒಂದು ಹೆಸರು ಹೇಳಿದರು.

“ನಿಲೇಶ. ಪಟ್ಟಿಯೊಳಗ ಇಪ್ಪತ್ತೆರಡನೇದಾಂವ. ಇಪ್ಪತ್ತೊಂದು ಮಂದ್ಯಾಗ ಒಬ್ಬರು ತಪ್ಪಿದ್ರಷ್ಟ ಅವಗ ಶೆಡ್. ಶನಿವಾರ ನನ್ನ ಟೇಬಲ್ ಗುದ್ದಿ, ಈ ಪಟ್ಟಿಗೆ ಬೆಂಕಿ ಹಚ್ಚರಿ ಅಂದಾನ.”

“ಯಾಕ ಹಂಗಂದ?”

“ಪಟ್ಟಿಯೊಳಗ ಖೊಟ್ಟಿ ಕಾಗದದಾವರು ಅದಾರಂತ. ತಕರಾರು ನಾನೂ ಕೇಳಿದ್ದೆ. ಅದಕ್ಕ ಜ್ಞಾನದೇವ ಮುಕಾದಮನ್ನ ನಾಳೆ ಬಾ ಅಂದೇನಿ. ಮೂವತ್ತು ವರ್ಷ ಫೌಂಡ್ರಿಯೊಳಗ ಮಂದಿ ದುಡಿಸಿದಾಂವ. ಎಲ್ಲಾ ಮಾಲಕರ ಸಹಿ, ಸಿಕ್ಕಾ ಅವಗ ಬಾಯಿಪಾಠ. ಶನಿವಾರ ಎಲ್ಲಾರ ಮುಂದನ ಹೇಳಿದ್ದೆ. ಇನ್ನ ಏನ ತೋರಸ್ಲಿ? ನನ್ನ ಕಡೆ ಝೆರಾಕ್ಸ್ ಅಷ್ಟ ಉಳದಾವು.”

ಚಂದ್ರಮತಿ ಮುಂದಿನ ಮಾತಿಗೆ ಕಾಯಲಿಲ್ಲ. ಹತ್ತು ನಿಮಿಷದಲ್ಲಿ ಜೀಪು ನಿಲೇಶನ ಓಣಿಯಲ್ಲಿತ್ತು.

ಬಾಗಿಲಲ್ಲಿ ಅವನ ಹೆಂಡತಿ ನೀಲಮ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಿಲೇಶ ಆಗಷ್ಟೇ ಮುಖ ತೊಳೆದು ಬಂದ.

“ಮುಂಜಾನೆ ಎಲ್ಲಿದ್ದಿ?”

“ಮಲಗಿದ್ದೆರಿ.”

“ಹನ್ನೊಂದರ ತನಕಾ?”

ನೀಲಮ ಉತ್ತರ ಕೊಟ್ಟಳು. “ಎಂಟ ವರ್ಷ ಫೌಂಡ್ರಿಗೆ ಸೋಮವಾರ ಸೂಟಿ ಇತ್ರಿ. ಕೆಲಸ ಹೋದ್ರೂ ಮೈಗೆ ಅದ ರೂಢಿ. ಸೋಮವಾರ ಎಬ್ಬಿಸಿದ್ರೂ ಏಳಾಂಗಿಲ್ಲ.”

“ನೋಡಿದಾವರು ಯಾರು?”

“ನಾನ ನೋಡೇನಿ. ಬಾಯಾರ, ಇವರ ಕಾಗದಾನೂ ಅದ ಕಪಾಟಿನ್ಯಾಗ ಇದ್ದವಲ್ರಿ. ತಮ್ಮ ಕಾಗದಾ ಯಾರರ ಸುಡತಾರೇನು? ಪಗಾರ ಬರೂವಾಗ ಈ ಮೊರ ಅಟ್ಟದ ಮ್ಯಾಲ ಇಟ್ಟಿದ್ದೆ. ಮತ್ತ ಇಳಿಸೇನಿ. ಆ ಶೆಡ್ ಬಿಟ್ರ ನಮಗ ಬ್ಯಾರೆ ದಾರಿ ಇಲ್ರಿ.”

ಒಳ್ಳೆಯ ಪ್ರಶ್ನೆ. ಕಿವಿಯಿದ್ದವರು ಕೇಳಬೇಕಿತ್ತು. ಚಂದ್ರಮತಿ ನಿಲೇಶನನ್ನು ಜೀಪಿನಲ್ಲಿ ಕೂರಿಸಿದಳು. ಓಣಿಗೆ ಓಣಿಯೇ ಹೊರಗೆ ಬಂದು ನೋಡಿತು.

ಸಂಜೆ ತಾತ್ಯಾಸಾಹೇಬ ಪಟ್ಟಿ ತೆಗೆದು ಇಪ್ಪತ್ತೆರಡನೆಯ ಹೆಸರಿನ ಮೇಲೆ ಗೆರೆ ಎಳೆದರು. ಪೊಲೀಸರು ಹಿಡಿದವನಿಗೆ ಯೋಜನೆಯಲ್ಲಿ ಜಾಗವಿಲ್ಲ. ನಿಯಮ ನಿಯಮವೇ.

* * *

ಮಂಗಳವಾರ ಬೆಳಿಗ್ಗೆ ಪಟ್ಟಿಯವರೆಲ್ಲ ಠಾಣೆಯ ಅಂಗಳದಲ್ಲಿ ಸೇರಿದರು. ಅವರ ಪರವಾಗಿ ಮಾತಾಡುವವನು ಶಿವರಾಜ. ಕಾಗವಾಡ ಕಡೆಯವನು, ನಿಪ್ಪಾಣಿಯಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದ. ಎಲ್ಲರ ಅರ್ಜಿ ತುಂಬಿಕೊಟ್ಟವನೂ ಅವನೇ. ಅಂದಚೆಂದದ ಹುಡುಗ, ಇಸ್ತ್ರಿ ಮಾಡಿದ ಅಂಗಿ.

ಚಂದ್ರಮತಿ ಒಬ್ಬೊಬ್ಬರನ್ನೇ ಒಳಗೆ ಕರೆದು ವಿಚಾರಿಸಿದಳು. ಮಲಕಾರಿ ಬರೆದುಕೊಂಡ.

“ನಿನ್ನೆ ಹನ್ನೊಂದಕ್ಕ ಎಲ್ಲಿದ್ರಿ ಶಿವರಾಜ?”

“ಗಡಿ ಆಚೆ ನಮ್ಮ ಹಳೇ ಫೌಂಡ್ರಿ ಕಡೆ ಹೋಗಿದ್ದೆ ಮ್ಯಾಡಂ. ಬಾಜೂಕಿನ ಕಾರ್ಖಾನಿಯೊಳಗ ಮುಂಜಾನೆ ಪಾಳಿ ನಡದಿತ್ತು. ನಮ್ಮ ಹುಡುಗರಿಗೆ ಕೆಲಸ ಐತೇನಂತ ಗೇಟಿನ್ಯಾಗ ಕೇಳಿ ಬಂದೆ.”

“ನಿಲೇಶ?”

“ಬಡವ ಪಾಪ. ಸಿಟ್ಟಿನ್ಯಾಗ ಮಾಡಿರಬೇಕು. ಹೊಡೀಬ್ಯಾಡ್ರಿ.”

ಅವನು ಹೋದ. ಚಂದ್ರಮತಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದಳು, ಬಂದಳು. ಮೇಜಿನ ಡ್ರಾವರಿನಲ್ಲಿ ತವರಿನಿಂದ ಬಂದ ಒಣದ್ರಾಕ್ಷಿಯ ಪೊಟ್ಟಣ ಇತ್ತು. ಒಂದು ಹಿಡಿ ತೆಗೆದಳು. ಅಥಣಿಯ ದ್ರಾಕ್ಷಿ, ಹಳದಿ ಬಣ್ಣ. ಬಾಯಿಗೆ ಹಾಕುವವಳು ಕೈ ತಡೆದಳು.

ಹಳದಿ ಬಣ್ಣ ಸುಮ್ಮನೆ ಬರುವುದಿಲ್ಲ. ದ್ರಾಕ್ಷಿಯನ್ನು ಮುಚ್ಚಿದ ಶೆಡ್ಡಿನಲ್ಲಿಟ್ಟು ಗಂಧಕದ ಹೊಗೆ ಹಾಕುತ್ತಾರೆ. ಗಂಧಕಕ್ಕೆ ಪಟಾಕಿಯ ನಾತ. ಚಿಕ್ಕವಳಿದ್ದಾಗ ಕೆಂಪು ಗುಲಾಬಿ ಮುಡಿದು ಅಪ್ಪನ ಶೆಡ್ಡಿಗೆ ನುಗ್ಗಿದ್ದಳು. ಕೆಮ್ಮುತ್ತ ಹೊರಗೆ ಬಂದಾಗ ಹೂವು ಬಿಳಿಚಿತ್ತು.

“ಮಲಕಾರಿ, ನಿಪ್ಪಾಣಿ ಸುತ್ತ ದ್ರಾಕ್ಷಿ ಶೆಡ್ ಅದಾವೇನು?”

“ಇಲ್ಲೆಲ್ಲಿರಿ? ಇದು ತಂಬಾಕಿನ ಊರು. ದ್ರಾಕ್ಷಿ ಏನಿದ್ರೂ ಅಥಣಿ, ಕಾಗವಾಡ.”

“ಶಿವರಾಜನ ಹೇಳಿಕಿ ಓದು.”

ಮಲಕಾರಿ ಓದಿದ. ‘ಮುಂಜಾನೆ ಪಾಳಿ ನಡದಿತ್ತು’ ಎಂಬಲ್ಲಿ ಚಂದ್ರಮತಿ ಕೈ ಎತ್ತಿದಳು. ಗಂಡನ ನಿದ್ದೆಯ ಬಗ್ಗೆ ನೀಲಮ ಹೇಳಿದ ಮಾತು ಈಗ ಕಿವಿಗೆ ಬಿತ್ತು, ಒಂದು ದಿನ ತಡವಾಗಿ.

“ಜೀಪ್ ತಗಿ.”

* * *

ಕಾಗವಾಡದ ಆಚೆ ತೋಟದಲ್ಲಿ ಶಿವರಾಜನ ತಂದೆ ಲಗಮಣ್ಣ ಒಣದ್ರಾಕ್ಷಿ ಆರಿಸುತ್ತಿದ್ದ. ಯೂನಿಫಾರ್ಮ್ ಕಂಡು ಎದ್ದು ನಿಂತ. ಬೀಗರ ಕಡೆಯವರು ವಿಚಾರಣೆಗೆ ಕಳಿಸಿದ್ದಾರೆ ಎಂದು ತಿಳಿದನೋ ಏನೋ, ಕೇಳುವ ಮೊದಲೇ ಮದುವೆಯ ಕಾರ್ಡು ಕೊಟ್ಟ. ‘ಚಿ. ಶಿವರಾಜ, ಫೌಂಡ್ರಿ ಸೂಪರ್‌ವೈಸರ್, ಚಿ. ಸೌ. ಪ್ರಾಜಕ್ತಾ.’

“ಎಷ್ಟ ವರ್ಷ ದುಡದಾನ ಫೌಂಡ್ರಿಯೊಳಗ?”

ಲಗಮಣ್ಣ ನೆಲ ನೋಡಿದ. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ.

“ಒಂದ ದಿನಾನೂ ಇಲ್ರಿ. ಹನ್ನೆರಡ ಎಕರೆ ಐತಿ ತಾಯಿ. ಹೆಣ್ಣ ಕೇಳಾಕ ಹೋದಲ್ಲೆಲ್ಲಾ ಪಗಾರ ಎಷ್ಟ ಅಂತಾರ. ಹೊಲದಾಂವಗ ಯಾರೂ ಹೆಣ್ಣ ಕೊಡವಲ್ರು. ಬೀಗರಿಗೆ ತೋರಸಾಕ ಅಂತ ಒಂದ ಖೊಟ್ಟಿ ಕಾಗದಾ ಮಾಡಿಸ್ಯಾನ. ಶೆಡ್ಡಿನ ಅರ್ಜಿಗೂ ಅದನ್ನ ಹಚ್ಯಾನ.”

ಶೆಡ್ಡಿನ ಮೂಲೆಯಲ್ಲಿ ಗಂಧಕದ ಚೀಲವಿತ್ತು. ಬಾಯಿ ಬಿಚ್ಚಿತ್ತು.

“ಇದನ್ನ ಯಾರ ಒಯ್ದಾರ?”

“ಮೊನ್ನೆ ಐತವಾರ ಶಿವರಾಜ ಬಂದಿದ್ದ. ಡಬ್ಬ್ಯಾಗ ಸ್ವಲ್ಪ ತಗೊಂಡ. ಯಾಕ ಅಂತ ಕೇಳಲಿಲ್ರಿ ನಾ.”

* * *

ನಾಲ್ಕು ಗಂಟೆಗೆ ತರಬೇತಿ ಕೇಂದ್ರದಲ್ಲಿ ಎಲ್ಲರೂ ಸೇರಿದರು. ಜ್ಞಾನದೇವ ಮುಕಾದಮ ಬಿಳಿ ಟೋಪಿ ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತಿದ್ದ. ಚಂದ್ರಮತಿ ಕೂರಲೇ ಇಲ್ಲ.

“ಮುಕಾದಮರ, ನಿನ್ನೆ ಮುಂಜಾನೆ ಫೌಂಡ್ರಿಗಳ ಕಡೆ ಪಾಳಿ ನಡದಿತ್ತೇನ್ರಿ?”

ಜ್ಞಾನದೇವ ನಕ್ಕ. “ಸೋಮವಾರ? ಸೋಮವಾರ ಅಲ್ಲಿ ಎಲ್ಲಾ ಬಂದ್ ಬಾಯಾರ. ಚಹಾದ ಅಂಗಡಿ ಸುದ್ದಾ ತಗಿಯಾಂಗಿಲ್ಲ.”

ಇಪ್ಪತ್ತು ತಲೆಗಳು ಹೌದೆಂದವು. ಒಂದು ತಲೆ ಅಲುಗಲಿಲ್ಲ.

“ಶಿವರಾಜ, ಅಲ್ಲಿ ಒಂದು ವಾರ ದುಡದಾಂವಗೂ ಇದು ಗೊತ್ತಿರತೈತಿ. ಹೊಲದಾಂವ ನೀನು, ಸೋಮವಾರ ಎತ್ತಿನ ಕೊರಳಿಗೆ ನೊಗಾ ಇಡಬಾರದಂತ ನಿನಗ ಗೊತ್ತಿತ್ತು. ಮಷೀನಿಗೂ ಅವತ್ತ ಸೂಟಿ ಅಂತ ಗೊತ್ತಿರಲಿಲ್ಲ.”

“ಮರತು ಹೇಳೇನಿ ಮ್ಯಾಡಂ.”

“ಮುಕಾದಮ ಸಿಕ್ಕಾ ನೋಡತಾರಂತ ಶನಿವಾರ ಕೇಳಿದಿ. ನಿಂದೊಂದ ಕಾಗದಾ ಕಳವಾದ್ರ ಎಲ್ಲಾರ ಕಣ್ಣ ನಿನ್ನ ಮ್ಯಾಲ. ಅದಕ್ಕ ಎಲ್ಲಾರದೂ ಸುಟ್ಟಿ. ಐತವಾರ ಊರಿಗೆ ಹೋಗಿ ಗಂಧಕ ತಂದಿ. ಸೀಮೆಎಣ್ಣಿ ಆದ್ರ ಭಗ್ಗನ ಉರಿ ಏಳತಿತ್ತು, ಓಣಿ ಮಂದಿ ಓಡಿ ಬರತಿದ್ರು. ಗಂಧಕ ಮುಚ್ಚಿದ ಪೆಟ್ಟಿಗ್ಯಾಗ ಸದ್ದಿಲ್ಲದ ಉರೀತೈತಿ. ಅದನ್ನ ಶೆಡ್ಡಿನ್ಯಾಗ ಹುಟ್ಟಿದಾಗಿಂದ ನೋಡೀದಿ. ನಾನೂ ಅಂಥಾ ಶೆಡ್ಡಿನ್ಯಾಗ ಬೆಳದಾಕಿ. ಆ ಹೊಗಿ ಹೂವಿನ ಬಣ್ಣ ತಿಂತೈತಿ. ಅಲ್ಲಿ ನೋಡು. ನಿಮ್ಮಪ್ಪ ಡಬ್ಬಿ ಮಾತೂ ಹೇಳ್ಯಾನ.”

ಎಲ್ಲರೂ ದಾಸವಾಳ ನೋಡಿದರು. ಶಿವರಾಜ ನೋಡಲಿಲ್ಲ. ಅವಳತ್ತ ತಿರುಗಿ ಒಂದೇ ಮಾತು ಕೇಳಿದ.

“ನಿಮ್ಮ ಮನ್ಯಾಗ ನಿಮ್ಮನ್ನ ಹೊಲದಾಂವಗ ಕೊಟ್ಟಾರೇನ್ರಿ ಮ್ಯಾಡಂ?”

ಚಂದ್ರಮತಿಯ ಗಂಡ ಬ್ಯಾಂಕಿನಲ್ಲಿ ಗುಮಾಸ್ತ. ಹೊಲದವನು ಬೇಡ ಎಂದು ಹಟ ಹಿಡಿದವಳು ಅವಳೇ. ಅವಳಿಗೆ ಅವನ ಮೇಲೆ ಮರುಕ ಬಂತು, ಸಿಟ್ಟೂ ಬಂತು. ಪಗಾರದ ಮೂರಕ್ಷರಕ್ಕಾಗಿ ಇವನು ಇಪ್ಪತ್ತೊಂದು ಜನರ ಅನ್ನಕ್ಕೆ ಬೆಂಕಿಯಿಟ್ಟಿದ್ದ. ಮಲಕಾರಿಗೆ ಕಣ್ಸನ್ನೆ ಮಾಡಿದಳು. ಅವನು ಶಿವರಾಜನ ರಟ್ಟೆ ಹಿಡಿದ.

* * *

ಬುಧವಾರ ಜ್ಞಾನದೇವ ಝೆರಾಕ್ಸ್ ಪ್ರತಿಗಳ ಮೇಲೆ ಒಬ್ಬೊಬ್ಬರ ಮುಖ ನೋಡಿ ಸಹಿ ಹಾಕಿದ. ಸಮಿತಿ ಒಪ್ಪಿತು. ಇಪ್ಪತ್ತು ಶೆಡ್ಡು ಇತ್ಯರ್ಥವಾದವು. ಒಂದು ಉಳಿಯಿತು.

“ನಿಲೇಶನ ಹೆಸರು ಹಾಕ್ರಿ,” ಅಂದಳು ಚಂದ್ರಮತಿ.

“ಗೆರಿ ಹೊಡದ ಹೆಸರು ಸುಮ್ಮ ಎಬ್ಬಸಾಕ ಬರಾಂಗಿಲ್ರಿ,” ಅಂದರು ತಾತ್ಯಾಸಾಹೇಬ. “ನಿಮ್ಮ ಪತ್ರ ಬೇಕು. ಇವತ್ತ ಸಂಜಿ ಐದರೊಳಗ.”

ನಿಂತೇ ಬರೆದಳು. ‘ಸಾಕ್ಷ್ಯವಿಲ್ಲದೆ, ಅವಸರದಲ್ಲಿ, ನಿರಪರಾಧಿಯನ್ನು ನಾನು ಹಿಡಿದು ತಂದೆ. ತಪ್ಪು ನನ್ನದು.’

“ಹಿಂಗ ಬರದ್ರ ನಿಮ್ಮ ಸರ್ವಿಸಿಗೆ ತ್ರಾಸ ಆಗತೈತ್ರಿ.”

“ಆಗಲಿ. ಸಿಕ್ಕಾ ಹೊಡೀರಿ.”

ಬಿಡುಗಡೆಯ ಕಾಗದ ಆಗುವ ತನಕ ಠಾಣೆಯಲ್ಲೇ ಇದ್ದ ನಿಲೇಶನಿಗೆ ಬಂದು ಸುದ್ದಿ ಹೇಳಿದಳು. ಅವನು ಹಿಗ್ಗಲಿಲ್ಲ.

“ಶೆಡ್ ಸಿಕ್ತು, ಛಲೋ ಆತ್ರಿ. ಆದ್ರ ನಮ್ಮ ಓಣಿ ಮಂದಿ ನನ್ನ ಜೀಪಿನ್ಯಾಗ ಕುಂತದ್ದ ನೋಡ್ಯಾರ. ನಾಳೆ ನನಗ ಕೆಲಸ ಕೊಡಾವರೂ ಅವರ. ಅವರಿಗೂ ಒಂದ ಪತ್ರ ಬರದು ಕೊಡತೀರೇನ್ರಿ?”

ಮಲಕಾರಿ ಜೀಪು ಚಾಲೂ ಮಾಡಿದ್ದ. ಚಂದ್ರಮತಿ ಕೈ ಬೀಸಿ ಬಂದ್ ಮಾಡಿಸಿದಳು.

“ನಡೀರಿ ನಿಲೇಶ. ನಡಕೋತ ಹೋಗೋಣು.”

ತುಂಬಿದ ಪೇಟೆಯ ನಡುವೆ ಇಬ್ಬರೂ ಜೊತೆಯಾಗಿ ನಡೆದರು. ಮೊದಲ ಸಲ ಅವಳು ಅವಸರ ಮಾಡಲಿಲ್ಲ. ಓಣಿಯ ಜನ ಮತ್ತೆ ಹೊರಗೆ ಬಂದರು. ಬಾಗಿಲ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ತಂಗಿ, ನಿನ್ನ ಗಂಡ ಏನೂ ಮಾಡಿಲ್ಲ. ಸುಳ್ಳ ಹಿಡಕೊಂಡ ಹೋದಾಕಿ ನಾನು.”

ನೀಲಮ ಮೊರ ಪಕ್ಕಕ್ಕಿಟ್ಟು ಒಳಗೆ ಹೋದಳು. ಒಂದು ತಂಬಿಗೆ ನೀರು ತಂದು ಗಂಡನ ಕೈಗೆ ಕೊಟ್ಟಳು. ಚಂದ್ರಮತಿಗೆಂದು ಎರಡನೆಯ ತಂಬಿಗೆ ತರಲಿಲ್ಲ.