ಎಡಗಡೆ ನಡೆಯುವವರು

ಪಾರಿಜಾತ ಎಂಬ ಕಂದು ಕುದುರೆಯ ಮುಂಗಾಲಿಗೆ ಸುತ್ತಿದ್ದ ಪಟ್ಟಿಯೊಳಗೆ ಶಬ್ದ ಹರಿಯುತ್ತಿತ್ತು. ಕುದುರೆಗೂ ಕೇಳಿಸದ, ಮನುಷ್ಯರಿಗೂ ಕೇಳಿಸದ ಶ್ರವಣಾತೀತ ಶಬ್ದ. ಸ್ನಾಯುವನ್ನು ಎಲುಬಿಗೆ ಬಿಗಿದಿಡುವ ಸ್ನಾಯುರಜ್ಜು ಹರಿದರೆ, ಅದರ ಎಳೆಗಳು ಅಡ್ಡಾದಿಡ್ಡಿಯಾಗಿ ಬೆಸೆದುಕೊಳ್ಳುತ್ತವೆ. ಈ ಪಟ್ಟಿ ಪ್ರತಿಧ್ವನಿಯಿಂದ ಎಳೆಗಳ ಪಾಡು ತಿಳಿದು, ತಕ್ಕಂತೆ ಶ್ರುತಿ ಬದಲಿಸಿ, ಅವು ಸಾಲಾಗಿ ಕೂಡಿಕೊಳ್ಳುವಂತೆ ಮಾಡುತ್ತಿತ್ತು. ವರ್ಷ ಹಿಡಿಯುತ್ತಿದ್ದ ಗಾಯ ಎರಡು ತಿಂಗಳಲ್ಲಿ ಮಾಯುತ್ತಿತ್ತು.

ಅದು ೨೦೫೮. ಪಟ್ಟಿಯನ್ನು ರೂಪಿಸಿದ ಡಾ. ಶರ್ವಾಣಿಗೆ ಮೈಸೂರಿನ ಆ ಸವಾರಿ ಶಾಲೆಯ ಲಾಯ ಹೊಸದೇನಲ್ಲ. ಅವಳ ತಂದೆ ಗುರುಮಲ್ಲಪ್ಪ ಅಲ್ಲೇ ಕುದುರೆ ಪಳಗಿಸುತ್ತಿದ್ದವರು. ೨೦೨೦ರ ದಶಕದ ಬಾಲ್ಯದ ಆ ಸಂಜೆಗಳು, ಬೇಯುತ್ತಿದ್ದ ಹುರುಳಿಯ ವಾಸನೆ, ಬೇಲಿಯ ಮೇಲೆ ಕೂತು ಅಪ್ಪನನ್ನು ಕಾಯುತ್ತಿದ್ದದ್ದು, ಎಲ್ಲವೂ ಅಲ್ಲಿ ಕಾಲಿಟ್ಟಾಗಲೆಲ್ಲ ಅವಳಿಗೆ ನೆನಪಾಗುತ್ತಿತ್ತು.

ಈಗ ಅವಳನ್ನು ಕಾಡುತ್ತಿದ್ದದ್ದು ಬೇರೆಯೇ ಚಿಂತೆ. ಕುದುರೆಗಳಿಗೆ ಒಲಿದ ಪಟ್ಟಿ ಮನುಷ್ಯರಿಗೆ ಒಲಿಯುತ್ತಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡಿದ್ದ ಅಪ್ಪನ ಹಿಮ್ಮಡಿಯ ರಜ್ಜುವೇ ಎರಡನೆಯ ಸಲ ಹರಿದಿತ್ತು. ಇನ್ನೊಮ್ಮೆ ಹರಿದರೆ ಕುದುರೆ ಹತ್ತುವ ಮಾತು ಹಾಗಿರಲಿ, ಊರುಗೋಲಿಲ್ಲದೆ ಅಂಗಳವನ್ನೂ ದಾಟಲಾರರು ಎಂದಿದ್ದರು ಶಸ್ತ್ರವೈದ್ಯರು.

"ನೋವೇ ಇರ್ಲಿಲ್ಲ ಕಣವ್ವ. ವಾಸಿಯಾಯ್ತು ಅಂದ್ಕೊಂಡೆ," ಎಂದರು ಗುರುಮಲ್ಲಪ್ಪ. "ಲಾಯಕ್ಕೆ ಹೋದ್ರೆ ಆ ಬಿಳೀ ಕುದುರೆ ಕತ್ತು ಚಾಚ್ತು. ಹತ್ತಿಬಿಟ್ಟೆ."

"ಕುಂಟೋ ಕುದುರೆಗೆ ನೋವು ನಿಂತ ಮಾರನೇ ದಿನವೇ ಸವಾರಿ ಮಾಡಿಸ್ತಿದ್ರಾ ಅಪ್ಪಾಜಿ?"

"ಎಲ್ಲಾದ್ರೂ ಉಂಟಾ. ಒಬ್ಬರೇ ಹಗ್ಗ ಹಿಡ್ಕೊಂಡು, ದಿನಾ ಅದರ ಎಡಗಡೇಲಿ ನಡೀಬೇಕು. ಅದು ಓಡ್ತೀನಿ ಅಂದ್ರೂ..." ಗುರುಮಲ್ಲಪ್ಪ ತಮ್ಮ ಹಿಮ್ಮಡಿಯ ಕಡೆ ನೋಡಿಕೊಂಡರು. ಕುದುರೆಗೆ ಮಾಡಗೊಡದಿದ್ದ ತಪ್ಪನ್ನು ತಾವೇ ಮಾಡಿದ್ದರು.

ಶರ್ವಾಣಿ ತನ್ನ ಪ್ರಯೋಗದ ದಾಖಲೆಗಳನ್ನು ತೆರೆದಳು. ಪಟ್ಟಿ ನೋವನ್ನು ಮೊದಲ ದಿನವೇ ಇಳಿಸುತ್ತಿತ್ತು. ಎಳೆಗಳು ಗಟ್ಟಿಯಾಗುವುದು ಮಾತ್ರ ನಿಧಾನ. ಆ ನಡುವಿನ ದಿನಗಳಲ್ಲಿ ಲಾಯದ ಕುದುರೆಗೆ ಹಗ್ಗ ಹಿಡಿಯುವವನೊಬ್ಬ ಇರುತ್ತಿದ್ದ. ಪಟ್ಟಿ ಕಟ್ಟಿಸಿಕೊಂಡ ಮನುಷ್ಯರೋ, ನೋವು ಹೋಯಿತೆಂದು ಬಸ್ಸು ಹಿಡಿಯಲು ಓಡಿ, ರಜ್ಜುವನ್ನು ಮತ್ತೆ ಹರಿದುಕೊಳ್ಳುತ್ತಿದ್ದರು. ಪ್ರಯೋಗದ ಲೆಕ್ಕದಲ್ಲಿ ಹಗ್ಗ ಹಿಡಿದವನನ್ನು ಅವಳು ಸೇರಿಸಿಯೇ ಇರಲಿಲ್ಲ.

ಎರಡನೆಯ ಸಲ ಪಟ್ಟಿ ಕಟ್ಟಿದ ಮೇಲೆ ಅವಳು ದಿನವೂ ಸಂಜೆ ಪ್ರಯೋಗಾಲಯಕ್ಕೆ ಬೀಗ ಹಾಕಿ ಬಂದು ಸವಾರಿ ಶಾಲೆಯ ಮೈದಾನದಲ್ಲಿ ಅಪ್ಪನ ಎಡಗಡೆ ತೋಳು ಹಿಡಿದು ನಡೆದಳು. ಮೈದಾನದ ಆಚೆ ಬದಿಯಲ್ಲಿ ಪಾರಿಜಾತಳನ್ನೂ ಯಾರೋ ನಡೆಸುತ್ತಿದ್ದರು.

"ನಾನೇನು ಕುದುರೇನಾ?" ಎಂದು ಮೊದಮೊದಲು ಗೊಣಗಿದರು ಗುರುಮಲ್ಲಪ್ಪ. ಆಮೇಲಾಮೇಲೆ, "ಹಗ್ಗ ಅಷ್ಟು ಬಿಗಿ ಹಿಡೀಬೇಡ ಮಗಾ, ಸಡಿಲ ಬಿಡು," ಎನ್ನತೊಡಗಿದರು. ಹಳೆಯ ಕುದುರೆಗಳ ಕತೆಗಳು ಒಂದೊಂದಾಗಿ ಹೊರಬಂದವು. ಸಮಯ ಉಳಿಸಲೆಂದು ಮಾಡಿದ ಯಂತ್ರ ತನ್ನ ಸಂಜೆಗಳನ್ನೆಲ್ಲ ತಿಂದಿತೆಂದು ಶರ್ವಾಣಿ ನಗುತ್ತಿದ್ದಳು. ನಿಜಕ್ಕೂ ಅವಳಿಗೆ ಅಷ್ಟು ಖುಷಿ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಗುರುಮಲ್ಲಪ್ಪ ಪಾರಿಜಾತಳ ಬೆನ್ನೇರಿ ಮೈದಾನವನ್ನು ಒಂದು ಸುತ್ತು ಬಂದರು.

ಈಗ ಆ ಪಟ್ಟಿ ಎಲ್ಲ ಆಸ್ಪತ್ರೆಗಳಲ್ಲೂ ಇದೆ. ಕಟ್ಟುವ ಮೊದಲು ದಾದಿ ಒಂದೇ ಪ್ರಶ್ನೆ ಕೇಳುತ್ತಾಳೆ: "ನಿಮ್ಮ ಎಡಗಡೆ ಯಾರು ನಡೀತಾರೆ?"

ತುಂಬ ಜನ ಮೊಬೈಲು ತೆಗೆದು, ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸುತ್ತ ಕೂತುಬಿಡುತ್ತಾರೆ.